ಹದಿನೇಳನೆಯ ಅಲಗು

ಟರ್ಬೈನಿನ ಹೊಟ್ಟೆ ಬಿಚ್ಚಿ ಇವತ್ತಿಗೆ ಮೂರು ದಿನ.
ಶಿರಿಯಾ ಅಳಿವೆಯ ಕಡೆಯಿಂದ ಗಾಳಿ ಬರುತ್ತಲೇ ಇದೆ,
ಒರೆಸಿದ ಮೇಜು ಮತ್ತೆ ಅಂಟಂಟು.
ಬಾತಿಷ ಅಲಗುಗಳನ್ನು ಒಂದೊಂದೇ ಕಳಚಿ
ಬಂಗುಡೆ ಹರವಿದ ಹಾಗೆ ಗೋಣಿಯ ಮೇಲೆ ಇಡುತ್ತಾನೆ.
ಹದಿನೇಳನೆಯದನ್ನು ಇಡಲಿಲ್ಲ, ನನ್ನ ಕೈಗೇ ಕೊಟ್ಟ.
ಮೈ ಚೆನ್ನಾಗಿದೆ, ಬುಡ ನೋಡಿ, ಅಂದ.

ಬುಡದಲ್ಲಿ, ಬೆಂಕಿ ನೇರ ತಾಗದ ನೆರಳಲ್ಲಿ,
ಹಸಿರು ಹಕ್ಕಳೆ.
ಉಗುರು ತಾಗಿಸಿದರೆ ಉದುರಿತು.
ಅಡಿಯಲ್ಲಿ ಸಿಡುಬಿನ ಕುಳಿ.

ನಿಕ್ಕಲ್ಲು ಇದು, ಕ್ರೋಮಿಯಂ ಬೆರೆತದ್ದು,
ಕಬ್ಬಿಣ ಬೆಣ್ಣೆಯಾಗುವ ಕಾವಿನಲ್ಲೂ
ಬೆನ್ನು ಬಗ್ಗಿಸದ ಜಾತಿ.
ಬೆಂಕಿ ತಿಂದದ್ದಲ್ಲ ಇದನ್ನು.
ಕಡಲಿನ ಉಪ್ಪು, ಎಣ್ಣೆಯೊಳಗಿನ ಗಂಧಕ
ಉರಿಯಲ್ಲಿ ನೆಂಟಸ್ತನ ಬೆಳೆಸಿ,
ಈ ಲೋಹದ್ದೇ ಒಂದು ಚೂರು ಸೇರಿಸಿಕೊಂಡು ಕರಗಿ,
ಬೆವರಿನ ಹಾಗೆ ತೆಳ್ಳಗೆ ಕೂತು,
ಅದು ತನಗೆ ತಾನೇ ನೇಯ್ದುಕೊಂಡ ಪೊರೆಯನ್ನು
ನೆಕ್ಕಿತು.
ಇನ್ನಷ್ಟು ಕಾದಿದ್ದರೆ ಉಪ್ಪು ಆವಿಯಾಗಿ ಹೋಗುತ್ತಿತ್ತು.
ತಣ್ಣಗಿದ್ದರೆ ಬರೀ ಧೂಳು.
ನಡುವಿನ ಕಾವೇ ಕೊಲ್ಲುವುದು.

ಮೊದಮೊದಲು ಏನೂ ಆಗುವುದಿಲ್ಲ, ಅದೇ ಮೋಸ.
ಸಾವಿರ ಗಂಟೆ, ಎರಡು ಸಾವಿರ,
ತೂಕ ಅಷ್ಟೇ, ಹೊಳಪು ಅಷ್ಟೇ.

ಎರಡು ಮಳೆಗಾಲದ ಹಿಂದೆ
ಗಾಳಿ ಸೋಸುವ ಗೂಡಿನ ಮೂಲೆಯಲ್ಲಿ
ರಬ್ಬರು ಎದ್ದಿತ್ತು, ಹೆಬ್ಬೆರಳಗಲ.
ಹೆಬ್ಬೆರಳು ಇಟ್ಟೇ ನೋಡಿದ್ದೆ.
ಹೊಸದು ಬರಲಿಕ್ಕೆ ತಿಂಗಳಾಗುತ್ತದೆ,
ಯಂತ್ರ ನಿಲ್ಲಿಸುವುದು ಬೇಡ, ಅಂದರು ಪವಿತ್ರನ್ ಸರ್.
‘ಸರಿಯಿದೆ’ ಎಂಬಲ್ಲಿ ಗೀಟು ಎಳೆದೆ.
ಮಾರನೆಯ ದಿನ ತಂಗಿಯ ಸೀಮಂತ,
ಐದೂಕಾಲರ ರೈಲು ತಪ್ಪುವುದರಲ್ಲಿತ್ತು.

ಈಗ ವರದಿಯ ಹಾಳೆ.
ಮಲಯಾಳದಲ್ಲಿ ಅಚ್ಚಾದ ‘ಕಾರಣಂ’,
ಅದರ ಮುಂದೆ ಎರಡು ಬೆರಳು ಜಾಗ.
ನನ್ನ ಶಾಲೆಯ ಅಕ್ಷರದಲ್ಲೇ ಬರೆದೆ: ಉಪ್ಪು.
ಸರ್ ಬಾತಿಷನಿಂದ ಓದಿಸಿಕೊಂಡರು.
ಇಲ್ಲಿ ಎಲ್ಲರ ಬಾಯಲ್ಲೂ ಅದು ಹೆಚ್ಚುಕಮ್ಮಿ ಒಂದೇ ಮಾತು,
ತರ್ಜುಮೆ ಬೇಕಾಗಲಿಲ್ಲ.
ಬಂದದ್ದು ಎಲ್ಲಿಂದ ಎಂದು ಅವರು ಕೇಳಲಿಲ್ಲ.

ಉಪ್ಪು ತಿಂದವ ನೀರು ಕುಡಿಯಲೇಬೇಕಂತೆ.
ಏಳುನೂರು ಡಿಗ್ರಿಯಲ್ಲಿ ಎಲ್ಲಿಯ ನೀರು?
ಹೂಜಿ ಬಗ್ಗಿಸಿ ಒಂದು ಲೋಟ ಕುಡಿದೆ.
ಇನ್ನೊಂದು.
ಆಮೇಲೆ ಆ ಒಂದು ಮಾತಿನ ಪಕ್ಕ, ಇದ್ದ ಜಾಗದಲ್ಲೇ
ಒತ್ತೊತ್ತಾಗಿ:
ರಬ್ಬರು, ಹೆಬ್ಬೆರಳು, ತಾರೀಕು,
ನನ್ನ ಹೆಸರು.

ಬಾತಿಷ ಆಗಲೇ ಹದಿನೆಂಟನೆಯದರ
ಬುಡ ತಿರುಗಿಸುತ್ತಿದ್ದ.