ಇಲ್ಲದ ಕಡಲು

ಮೊದಲು ಪರದೆ ನೋಡು ಜೊಸತೆಕಿ,
ತವೆಯುನಿ ದ್ವೀಪದ ಅರ್ಧ ಈ ಅಂಚಿಗೆ, ಇನ್ನರ್ಧ ಆ ಅಂಚಿಗೆ,
ನಡುವೆ ಇಡೀ ಜಗತ್ತು ಕಾಲು ಚಾಚಿ ಮಲಗಿದೆ.
ಎಲಿಮೆಲೆಕಿಯ ಹಳ್ಳಿಯವರು ಮೀನು ಹಿಡಿಯುವ ನೀರು
ನೂರೆಂಬತ್ತನೆಯ ಗೆರೆ ದಾಟಿದ ತಪ್ಪಿಗೆ
ಆಫ್ರಿಕಾ ಬ್ರೆಜಿಲುಗಳ ಮೇಲೆ ಹಾದ
ಉದ್ದನೆಯ ಲಾಡಿಯಾಗಿದೆ.

ರಾತ್ರಿ ಹಡಗಿನಲ್ಲಿ ಸುವಾಕ್ಕೆ ಬಂದಿಳಿದ ಮುದುಕ
ಬೆಂಚಿನ ಮೇಲೆ ಕೂತಿದ್ದಾನೆ, ಮಡಿಲಲ್ಲಿ
ಕಾಗದ ಸುತ್ತಿದ ಯಂಗೋನ ಬೇರು.
ಕಾವಲು ದೋಣಿಯ ವಂತಿಗೆ ಯಾಕೆ ಇಷ್ಟು,
ಅವನ ಪ್ರಶ್ನೆ ಅಷ್ಟೇ.

ನಿನ್ನೆ ನೀನು ಮಾಡಿದ್ದೇನು? ಹೆಸರು ತಿದ್ದಿದೆ.
ಡಿಗ್ರಿಯ ಕಡತಕ್ಕೆ ಮೀಟರಿನ ಹಣೆಪಟ್ಟಿ ಅಂಟಿಸಿದೆ.
ನಲವತ್ತು ಕಿಲೋಮೀಟರಿನ ದ್ವೀಪ ಮೊಳದುದ್ದ ಕುಗ್ಗಿ,
ಅದೂ ಎರಡು ಚೂರಾಗಿ,
ಘಾನಾದ ದಕ್ಷಿಣಕ್ಕೆ, ಸೊನ್ನೆಗೆ ಸೊನ್ನೆ ಸೇರುವಲ್ಲಿ
ಹೋಗಿ ಬಿತ್ತು. ಮಧ್ಯಾಹ್ನವಿಡೀ ಹುಡುಕಿದೆವು.
ಹೆಸರು ಬದಲಿಸಿದರೆ ಊರು ಎದ್ದು ಬರುವುದಿಲ್ಲ ಮಾರಾಯ,
ಒಂದೊಂದು ಬಿಂದುವನ್ನೂ ಕೈಹಿಡಿದು ದಾಟಿಸಬೇಕು.

ಗೋಳವನ್ನು ಹಾಳೆಗೆ ಇಳಿಸುವಾಗ ಸುಳ್ಳು ತಪ್ಪದು.
ಸಾವಿರ ಸುಳ್ಳು ಹೇಳಿ ಮದುವೆ ಮಾಡಿಸು ಎನ್ನುವವರುಂಟು,
ನಮಗೆ ಒಂದು ಸಾಕು,
ಯಾವುದೆಂದು ಮಾತ್ರ ಗೊತ್ತಿರಬೇಕು.
ದಿಕ್ಕು ಬೇಕೆ, ಹರವನ್ನು ಬಿಟ್ಟುಕೊಡು.
ಹರವು ಬೇಕೆ, ದಡದ ಮುಖ ತುಸು ಸೊಟ್ಟಗಾದರೆ ಸಹಿಸು.

ಹಿಂದಿದ್ದವರು ಫೋನಿನಲ್ಲಿ ದಾರಿ ತೋರಿಸುವ ನಕ್ಷೆಯ ಮೇಲೆಯೇ ಅಳೆದರು.
ನಮ್ಮ ಹದಿನೇಳನೆಯ ಅಕ್ಷಾಂಶದಲ್ಲಿ ಅದು
ನೂರಕ್ಕೆ ಒಂಬತ್ತು ಉಬ್ಬುತ್ತದೆ, ಹುದುಗು ಬಂದ ಹಿಟ್ಟು.
ಮೂರು ವರ್ಷ ಈ ಮುದುಕ
ಇಲ್ಲದ ಕಡಲಿಗೆ ದುಡ್ಡು ಕಟ್ಟಿದ.
ಅಲ್ಲಿ ಬಲೆ ಬೀಸಿದರೆ
ಬಲೆಯೂ ಒದ್ದೆಯಾಗದು.

ಇಗೋ, ಸಮಕ್ಷೇತ್ರದ್ದನ್ನು ಆರಿಸಿದೆ,
ನಡುರೇಖೆಯನ್ನು ಅವನ ಅಂಗಳದ ಮೇಲೆಯೇ ಎಳೆದೆ.
ಎರಡು ಚೂರು ಸದ್ದಿಲ್ಲದೆ ಬಂದು ಕೂಡಿದವು.
ಹರಕು ಎಲ್ಲಾದರೂ ಇರಲೇಬೇಕಲ್ಲ,
ಈಗ ಅದು ಗ್ರೀನಿಚ್ಚಿನಲ್ಲಿದೆ.
ಅಲ್ಲಿಯವರು ಬಂದು ಬೆಂಚಿನ ಮೇಲೆ ಕೂತಾಗ ನೋಡೋಣ.

ಅಚ್ಚಾದ ಹಾಳೆ ಕೊಟ್ಟೆ.
ಎಲಿಮೆಲೆಕಿ ಅಂಕಿ ಓದಲಿಲ್ಲ,
ಕಡಿಮೆಯಾದ ವಂತಿಗೆಯನ್ನೂ ನೋಡಲಿಲ್ಲ.
ಹಾಳೆ ತಲೆಕೆಳಗು ಮಾಡಿ ತೊಡೆಯ ಮೇಲಿಟ್ಟುಕೊಂಡು,
ನಾನು ಮನೆಗೆ ಬರುವುದು ಈ ಕಡೆಯಿಂದ, ಎಂದ.
ಬೆರಳು ಬಂದು ನಿಂತಲ್ಲಿ
ನಮ್ಮ ನಕ್ಷೆಯಲ್ಲಿ ಬರೀ ನೀಲಿ.
ಇಲ್ಲೊಂದು ಬಂಡೆಯಿದೆ, ಎಂದು
ಪೆನ್ನು ಕೇಳಿದ.