ಸೊನ್ನೆಗೂ ಸಹಿ

ಜಲಂಧರದ ಬಿತ್ತನೆ ಆಲೂಗಡ್ಡೆ
ಲಾರಿಗಟ್ಟಲೆ ಬಂದು ಎಪಿಎಂಸಿಯಲ್ಲಿ ಇಳಿಯುವ ವಾರವೇ
ನನಗೂ ಒಂದು ಕಾರ್ಡು ಬರುತ್ತದೆ:
'ವರ್ಷ ತುಂಬಿದೆ. ದುಡಿಮೆಯ ಲೆಕ್ಕದೊಂದಿಗೆ
ಎರಡನೇ ಶನಿವಾರ ಖುದ್ದು ಹಾಜರಾಗತಕ್ಕದ್ದು.'

ಪೆನ್ಷನ್ ಮೊಹಲ್ಲಾ. ಕೆಳಗೆ ಸೈಕಲ್ ಶಾಪು,
ಹದಿನೇಳು ಮೆಟ್ಟಿಲು ಹತ್ತಿದರೆ
ನಮ್ಮ ಹಾಸ್ಟೆಲಿನ ವಿದ್ಯಾನಿಧಿ.
ಒಂದು ಮೇಜು, ಬಾಗಿಲು ಸರಿಯಾಗಿ ಕೂರದ ಬೀರು,
ಕೆಂಪು ಬಟ್ಟೆಯ ಖಾತೆ ಪುಸ್ತಕ,
ಅದರ ಹಿಂದೆ ಮರಿಕಲ್ಲಪ್ಪ ಮೇಷ್ಟ್ರು, ಕಿವಿಯಲ್ಲಿ ಪೆನ್ಸಿಲು.

ಕರಾರು ಇಷ್ಟೇ.
ಓದಿಸಿದ್ದೇವೆ, ದುಡಿದದ್ದರಲ್ಲಿ ಹತ್ತಕ್ಕೊಂದು ಕೊಡು.
ದುಡಿಮೆ ಏರಿದರೆ ಕಂತು ಏರುತ್ತದೆ, ಇಳಿದರೆ ಇಳಿಯುತ್ತದೆ.
ವರ್ಷಕ್ಕೊಮ್ಮೆ ಬಂದು, ಎಷ್ಟು ಅಂತ ಬಾಯಿಬಿಟ್ಟು ಹೇಳು.
ಹೇಳದಿದ್ದರೆ ಅಷ್ಟೂ ಬಾಕಿ ಒಂದೇ ಸಲಕ್ಕೆ.

ನಾನು ಸಾಲಗಾಮೆ ರಸ್ತೆಯ ಲ್ಯಾಬಿನಲ್ಲಿ
ದಿನವಿಡೀ ರಕ್ತ ಎಣಿಸುತ್ತಿದ್ದವಳು.
ಬೆರಳ ತುದಿಯ ಒಂದು ಹನಿ ಸಾಕು,
ಆಳಿನ ಸ್ಥಿತಿ ಹೇಳಿಬಿಡುತ್ತಿದ್ದೆ.
ನನ್ನ ಸ್ಥಿತಿಗೆ ಮಾತ್ರ
ಹನ್ನೆರಡು ಸಂಬಳ ಚೀಟಿ ಬೇಕು, ಮೇಲೊಂದು ಮೊಹರು.

ಮೊದಲ ವರ್ಷ ತಿಂಗಳಿಗೆ ಏಳು ಸಾವಿರ.
ಏಳುನೂರು ಎಂದು ಬರೆದುಕೊಂಡು ಮೇಷ್ಟ್ರು
'ರೂಮಿನ ಬಾಡಿಗೆ ಎಷ್ಟಮ್ಮ?' ಅಂದರು.
ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಎರಡನೇ ವರ್ಷ ರಾತ್ರಿ ಪಾಳಿ ಸೇರಿ ಹನ್ನೊಂದು.
ಜಂಬದಲ್ಲಿ ಮೆಟ್ಟಿಲು ಹತ್ತಿದೆ,
ಇಳಿಯುವಾಗ ಹೆಚ್ಚಿದ ಕಂತಿಗೆ
ಆ ರಾತ್ರಿಗಳನ್ನೆಲ್ಲ ಬೈದುಕೊಂಡೆ.

ಮೂರನೇ ವರ್ಷ 'ಇತರೆ ಮೂಲ' ಅನ್ನುವಲ್ಲಿ
ಸುಮ್ಮನೆ ಒಂದು ಅಡ್ಡಗೆರೆ ಎಳೆದೆ.
ಮೇಷ್ಟ್ರು ಗೆರೆಯನ್ನು ನೋಡಿದರು, ನನ್ನನ್ನು ನೋಡಿದರು.
ಭಾನುವಾರ ಬೆಳಿಗ್ಗೆ ಮನೆಮನೆಗೆ ಹೋಗಿ
ಸಕ್ಕರೆ ಪರೀಕ್ಷೆ ಮಾಡುತ್ತೇನಲ್ಲ, ಬೆರಳಿಗೆ ಐವತ್ತು,
ಆ ಎಂಟು ಬೆರಳಲ್ಲಿ ಒಂದು
ಅವರ ಹೆಂಡತಿಯದು.
ದುಡ್ಡು ಕೊಡುತ್ತಿದ್ದದ್ದು ಅವರ ಕೈಯೇ.
ಏನೂ ಅನ್ನಲಿಲ್ಲ. ಗೆರೆಯ ಪಕ್ಕ
ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಟ್ಟರು.

ಆಮೇಲೆ ಲ್ಯಾಬಿಗೆ ಮಷಿನ್ ಬಂತು.
ನಾನು ಒಂದು ಗಾಜಿನಪಟ್ಟಿ ನೋಡುವಷ್ಟರಲ್ಲಿ
ಅದು ಮೂವತ್ತು ಮಂದಿಯನ್ನು ಎಣಿಸಿ ಮುಗಿಸುತ್ತಿತ್ತು.
ದಸರೆಯ ಮುಂಚೆಯೇ ನನಗೆ ರಜೆ ಕೊಟ್ಟರು,
ವಾಪಸು ಕರೆಯದ ರಜೆ.

ಈ ಮೇ ತಿಂಗಳು ಕಾರ್ಡು ಬಂತು. ಹೋಗಲಿಲ್ಲ.
ಮತ್ತೆ ಬಂತು, ಜೂನಿನಲ್ಲಿ, ಕೈಬರಹದಲ್ಲಿ.
ಏನಂತ ಹೋಗುವುದು? ಬರಿಗೈಯನ್ನು
ಎಷ್ಟರಿಂದ ಭಾಗಿಸಿದರೆ ಕಂತು ಬರುತ್ತದೆ?

'ಸೊನ್ನೆ ಆದ್ರೆ ಸೊನ್ನೆ ಅಂತ ಬಂದು ಹೇಳ್ಬೇಕು ಕಣಮ್ಮ,'
ಮೇಷ್ಟ್ರು ಗದರಿದರು. 'ಹೇಳಿ ಸಹಿ ಹಾಕಿದ್ರೆ ಅದು ಸೊನ್ನೆ.
ಮನೇಲಿ ಕೂತ್ಕೊಂಡ್ರೆ ಅದೇ ಬಾಕಿ.'
ನನ್ನ ಪುಟ ಹುಡುಕುತ್ತ ಹಿಂದಿನ ಪುಟಗಳು ಮಗುಚಿದವು:
ಯಾರಯಾರದೋ ಸೊನ್ನೆಗಳು, ಪಕ್ಕದಲ್ಲಿ ಸಹಿಗಳು,
ಒಂದು ಎಡಕ್ಕೆ ವಾಲಿದ್ದು, ಒಂದು ಶಾಯಿ ಹರಡಿದ್ದು.
ಹೆಸರು ಓದುವ ಮೊದಲೇ
ಮೇಷ್ಟ್ರು ಅಂಗೈ ಮುಚ್ಚಿದರು.

ಪುಟ ನೂರ ಹದಿನಾಲ್ಕು. ಹೇಮಾಕ್ಷಿ ಟಿ. ಕೆ.
ಸಂಬಳ: ಸೊನ್ನೆ. ಸಹಿ ಹಾಕಿದೆ.
ಪೆನ್ನು ಕೆಳಗಿಡಲು ಆಗಲಿಲ್ಲ.
'ಇತರೆ ಮೂಲ, ಮೇಷ್ಟ್ರೇ. ಭಾನುವಾರಗಳು.'
'ಈ ವರ್ಷದ್ದಾ, ಹೋದ ವರ್ಷದ್ದಾ?'
'ಎರಡೂ.'

ಕಿವಿಯ ಪೆನ್ಸಿಲು ಕೈಗೆ ಬಂತು.
ಎಂಟು ಮನೆ, ವಾರಕ್ಕೆ ನಾನೂರು,
ತಿಂಗಳಿಗೆ ಸಾವಿರದ ಆರುನೂರು, ಅದರಲ್ಲಿ ಹತ್ತಕ್ಕೊಂದು.
'ನಮ್ಮನೇದೂ ಸೇರಿಸಿದೀಯಾ?'
'ಸೇರಿಸಿದೀನಿ.'
'ಹ್ಞೂಂ. ನೂರ ಅರವತ್ತು.'
ಹಳೆಯ ಚುಕ್ಕಿಯನ್ನು ರಬ್ಬರಿನಿಂದ ಉಜ್ಜಿ
ಪುಡಿಯನ್ನು ಊದಿದರು. ಕಾಗದ ಅಲ್ಲಿ ಸ್ವಲ್ಪ ತೆಳುವಾಯಿತು.

ಮೆಟ್ಟಿಲಿಗೆ ಕಾಲಿಡುವಾಗ ಹಿಂದಿನಿಂದ ಕರೆದರು:
'ನಾಳೆ ಭಾನುವಾರ. ಬೇಗ ಬಾ ಮಾರಾಯ್ತಿ.
ಖಾಲಿ ಹೊಟ್ಟೇಲಿ ಕಾಯ್ತಿರ್ತಾಳೆ ಅವಳು.'