ಯಲಿಯೂರಿಗೆ ನಾಲ್ಕು ಬೆರಳು

ಸಂಜೆ ಪ್ಯಾಸೆಂಜರ್ ಇಳಿದು ಹಳಿ ದಾಟಿ ಬಂದರೆ
ಜಗಲಿ ಮೇಲೆ ಇಬ್ಬರೂ ಕಾದಿರುತ್ತಾರೆ, ಕೈಕಾಲು ತೊಳೆದು.
ಲಿಖಿತಳಿಗೆ ಏಳು. ಮೋನಿಗೆ ಮೊನ್ನೆ ನಾಲ್ಕು ತುಂಬಿತು.
ಪಾಠ ಅಂತ ಯಾರೂ ಅನ್ನುವುದಿಲ್ಲ ನಮ್ಮನೆಯಲ್ಲಿ,
"ಅಮ್ಮ, ರೈಲಾಟ" ಅನ್ನುತ್ತಾರೆ.

ಆಟ ಇಷ್ಟೆ: ಬಾಯಿ ಸ್ಟೇಷನ್ನು ಕೂಗಬೇಕು,
ಬೆರಳು ತೊಡೆಯ ಮೇಲೆ ಇಳಿಯಬೇಕು.
ಮಂಡ್ಯ, ಎರಡು.
ಯಲಿಯೂರು, ನಾಲ್ಕು. ನಮ್ಮೂರು, ಸ್ವಲ್ಪ ಜೋರಾಗಿ.
ಬ್ಯಾಡರಹಳ್ಳಿ ಐದು, ಪಾಂಡವಪುರ ಐದು,
ಒಂದರ ಬೆನ್ನಿಗೊಂದು. ಖಂಡ ನಡೆ ಅಂತ ಅದರ ಹೆಸರು,
ನಾನಿನ್ನೂ ಹೇಳಿಲ್ಲ.
ಶ್ರೀರಂಗಪಟ್ಟಣಕ್ಕೆ ಒಂದು ಕೈ ಬೆರಳು ಸಾಲದು,
ಲಿಖಿತ ತಮ್ಮನ ಹೆಬ್ಬೆರಳು ಸಾಲ ಪಡೆಯುತ್ತಾಳೆ.
ಕೊಟ್ಟವನು ಎರಡನೇ ಹೊಳೆ ದಾಟುವ ತನಕ
ವಾಪಸು ಕೇಳುವಂತಿಲ್ಲ.
ನಾಗನಹಳ್ಳಿ ಮತ್ತೆ ಐದು.
ಮೈಸೂರು ಮೂರೇ.
ಅಷ್ಟು ದೊಡ್ಡ ಊರಿಗೆ ಮೂರೇನಾ?
ಮೋನಿಗೆ ಇದು ದಿನವೂ ಅನ್ಯಾಯ.

ಎದುರುಮನೆ ಹೈಸ್ಕೂಲು ಹುಡುಗ ಸೈಕಲ್ಲು ನಿಲ್ಲಿಸಿ ತಿದ್ದಿದ:
"ಆಂಟಿ, ಮಂಡ್ಯ ಅಂದ್ರೆ ಗುರು ಲಘು, ಮೂರು ಮಾತ್ರೆ."
ಸರಿ ಕಣಪ್ಪ.
ನಿನ್ನ ಲೆಕ್ಕ ಪರೀಕ್ಷೆಗೆ, ನಮ್ಮದು ತೊಡೆಗೆ.

ನಾನು ಕಲಿತದ್ದು ಎಂಟು ತಿಂಗಳು,
ಪಿಯುಸಿಯಲ್ಲಿ, ಅಗ್ರಹಾರದ ಹಿಂದೊಂದು ಮಹಡಿಯಲ್ಲಿ.
ಜಂಟಿವರಸೆ ಮುಗಿಯುವ ಮೊದಲೇ ಫೀಸಿನ ದುಡ್ಡು ಮುಗಿಯಿತು.
ಈಗ ಕಣ್ಣಾಸ್ಪತ್ರೆಯ ಕೌಂಟರಿನಲ್ಲಿ ಕೂತು
ನೂರಾ ನಲವತ್ತೊಂದು, ನೂರಾ ನಲವತ್ತೆರಡು,
ದಿನವಿಡೀ ಟೋಕನ್ನು ಕೂಗಿ
ಗಂಟಲಲ್ಲಿ ಮೇಲಿನ ಷಡ್ಜ ಉಳಿದಿಲ್ಲ.
ಪಂಚಮದ ತನಕ ಕೈಹಿಡಿದು ಹೋಗುತ್ತೇನೆ,
ಮುಂದಕ್ಕೆ ಅವರೇ ಹೋಗಲಿ.

ಶ್ರುತಿಪೆಟ್ಟಿಗೆ ಇಲ್ಲ. ಫ್ರಿಜ್ಜಿದೆ.
ಕಂತು ತೀರಿ ವರ್ಷವಾಯಿತು, ಗುಂಯ್ಗುಡುವುದು ತೀರಿಲ್ಲ.
ಊಟಕ್ಕೆ ಮುಂಚೆ ಅದರ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತೇವೆ.
"ಬೆನ್ನಲ್ಲಿ ಕೇಳ್ತದಾ?"
"ಹೊಟ್ಟೇಲಿ ಕೇಳ್ತದೆ" ಅನ್ನುತ್ತಾನೆ ಮೋನಿ.
ಅಲ್ಲಿಂದಲೇ ತೆಗಿ. ಸಾ.
ಲಿಖಿತಳದು ಕಾಪಿ ಬರೆದ ಹಾಗೆ, ಗೆರೆಯ ಮೇಲೇ.
ಮೋನಿಯ ಸಾ ಎಳೆಗರು:
ಆ ಕಡೆ ಈ ಕಡೆ ಮೂತಿ ತಿವಿದು
ಕೆಚ್ಚಲು ಸಿಗದೆ ಹಿಂಗಾಲಿಗೆ ಹಾಯುತ್ತದೆ.
ಇವನಿಗೆ ತಾಳ ಸಾಕು ಬಿಡಿ,
ಗಂಡನ ಹತ್ತಿರ ಅಂದಿದ್ದೆ ಒಂದು ರಾತ್ರಿ,
ಮಗು ಮಲಗಿದೆ ಅಂದುಕೊಂಡು.

ನಿನ್ನೆ ಏಳೂಕಾಲಿಗೆ ಕರೆಂಟು ಹೋಯಿತು.
ಫ್ರಿಜ್ಜು ಒಮ್ಮೆ ಮೈ ಕೊಡವಿ ಸುಮ್ಮನಾಯಿತು.
ನಾನು ಬೆಂಕಿಪೊಟ್ಟಣಕ್ಕೆ ತಡಕಾಡಿದೆ,
ಲಿಖಿತ ಸ್ವರ ಬಿಟ್ಟು ಟಾರ್ಚು ಹುಡುಕಿದಳು.
ಕತ್ತಲಲ್ಲಿ, ನೆಲದ ಹತ್ತಿರ,
ಒಂದು ಸಾ ಇನ್ನೂ ಇತ್ತು.
ತೆಳ್ಳಗೆ.
ಉಸಿರು ಮುಗಿದಲ್ಲಿ ಕಡಿದು
ಮತ್ತೆ ಅಲ್ಲಿಗೇ ಬಂದು ಕೂರುತ್ತಿತ್ತು.
ಹೊರಗೆ ಕಬ್ಬಿನ ಟ್ರಾಕ್ಟರು ತನ್ನದೇ ಹಾಡು ಹಾಕಿಕೊಂಡು
ಗೋಡೆ ನಡುಗಿಸಿ ಹೋಯಿತು.
ಸಾ ಅಲುಗಲಿಲ್ಲ.
ಬೆಂಕಿಪೊಟ್ಟಣ ಕೈಗೆ ಸಿಕ್ಕಿತು,
ಗೀರಲಿಲ್ಲ ನಾನು.

ಕರೆಂಟು ಬಂತು. ಫ್ರಿಜ್ಜು ಗುಂಯ್ ಎಂದಿತು.
ಮೋನಿ ಬಾಯಿ ಮುಚ್ಚಿ, ತಲೆ ವಾರೆ ಮಾಡಿ ಕೇಳಿಸಿಕೊಂಡು
"ಅಮ್ಮಾ, ಫ್ರಿಜ್ಜು ತಪ್ಪು ಹಾಡ್ತಾ ಅದೆ" ಅಂದ.
ಯಾರದು ತಪ್ಪೋ.
ಎಂಟು ತಿಂಗಳ ಕಿವಿಗೆ ಅಷ್ಟೆಲ್ಲ ಗೊತ್ತಾಗುವುದಿಲ್ಲ.

ಇವತ್ತು ಬೆಳಿಗ್ಗೆ ಗಾಡಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತ್ತು.
ಶ್ರೀರಂಗಪಟ್ಟಣ ಬಂದಾಗ ನೋಡಿಕೊಂಡೆ:
ತೊಡೆಯ ಮೇಲೆ ಐದೂ ಬೆರಳು ಇಳಿದು
ಆರನೆಯದಕ್ಕೆ ಕೈ ತಾನಾಗಿ ಪಕ್ಕಕ್ಕೆ ಚಾಚಿತ್ತು.
ಯಾರೋ ಸೊಪ್ಪಿನ ಮೂಟೆ ಇಟ್ಟಿದ್ದರು ಅಲ್ಲಿ.
ಕಿಟಕಿಯ ಸರಳಿಗೆ ತಟ್ಟಿ
ಹೊಳೆ ದಾಟಿದೆ.